ದೊಡ್ಡಳಿಯ ಎಬ್ಬಿಸಿದ ಬೆಟ್ಟ

ಕಣ್ಣಿದ್ದವನಿಗೆ ಕಿವಿ ದಂಡ ಎಂಬ ಸಿದ್ಧಾಂತವನ್ನು ದೊಡ್ಡಳಿಯ ಮೊದಲು ಮಂಡಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮಾವನ ಮನೆಯ ಮೆಟ್ಟಿಲ ಮೇಲೆ. ಆಗ ಅವನ ಎರಡೂ ತೋಳುಗಳಲ್ಲಿ ಬಾಗಿಲಗಲದ ಒಂದು ರಟ್ಟಿನ ಪೆಟ್ಟಿಗೆ ಇತ್ತು, ಅದರಾಚೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಹೆಂಡತಿ, "ರೀ, ಇನ್ನೊಂದು ಮೆಟ್ಟಿಲಿದೆ, ಇನ್ನೊಂದು ಮೆಟ್ಟಿಲಿದೆ" ಎಂದು ಎರಡು ಸಲ ಹೇಳಿದಳು. ಸಿದ್ಧಾಂತ ಹೇಳುವ ಭರದಲ್ಲಿದ್ದವನ ಕಿವಿಗೆ ಅದು ಬೀಳಲಿಲ್ಲ. ಎಡವಿ, ಪೆಟ್ಟಿಗೆ ಸಮೇತ ಹೋಗಿ ಷಡ್ಡಕನ ಬಾಗಿಲಿಗೆ ಬಡಿದ. ಬುದ್ಧಿವಂತನಾಗಿದ್ದರೆ ಅಲ್ಲೇ ಪಾಠ ಕಲಿಯುತ್ತಿದ್ದ. ಇವನು ಬಾಗಿಲು ತೆರೆದ ಷಡ್ಡಕನಿಗೆ, "ಪೆಟ್ಟಿಗೆಗೆ ಏನೂ ಆಗಿಲ್ಲ, ಗಾಬರಿ ಬೀಳಬೇಡ" ಎಂದ.

ಮನೆ ಮೂರಂತಸ್ತಿನದು. ಕೆಳಗೆ ಮಾವ. ಅವರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು, ಈಗಲೂ ಗೋಡೆಯ ಗಡಿಯಾರಕ್ಕಿಂತ ಜೇಬಿನ ಗಡಿಯಾರವನ್ನು ನಂಬುವವರು. ನಡುವಿನ ಅಂತಸ್ತಿನಲ್ಲಿ ಚಿಕ್ಕ ಮಗಳು ಮತ್ತು ಚಿಕ್ಕಳಿಯ. ಅವನು ಕಿವಿಯಂತ್ರ ಮಾರಿ, ರಿಪೇರಿ ಮಾಡಿ ಬದುಕುವವನು. ಮೇಲೆ ದೊಡ್ಡ ಮಗಳು ಮತ್ತು ನಮ್ಮ ದೊಡ್ಡಳಿಯ, ಕನ್ನಡಕದಂಗಡಿಯವನು. ಇಬ್ಬರಿಗೂ ಒಂದೇ ಹುಚ್ಚು, ಹವ್ಯಾಸಿ ರೇಡಿಯೊ. ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು, ಮುಖ ನೋಡದ ದೇಶದವರೊಂದಿಗೆ "ಕೇಳಿಸ್ತಿದೆಯಾ", "ಕೇಳಿಸ್ತಿದೆ" ಎಂದು ಹೇಳಿಕೊಂಡು, ಅದನ್ನು ಪುಸ್ತಕದಲ್ಲಿ ಬರೆದಿಡುವುದು. ಇದರಿಂದ ಯಾರಿಗೇನು ಲಾಭ ಎಂದು ಅಕ್ಕತಂಗಿಯರಿಬ್ಬರೂ ಮದುವೆಯಾದಂದಿನಿಂದ ಕೇಳುತ್ತಿದ್ದರು, ಉತ್ತರ ಬಂದಿರಲಿಲ್ಲ.

ತಾರಸಿಯ ಮೇಲೆ ಇದ್ದದ್ದು ಒಂದೇ ಕಂಬ. ಅದರ ತಂತಿ ಮೆಟ್ಟಿಲ ಗೋಡೆಯ ಒಂದು ಸ್ವಿಚ್ಚಿಗೆ ಇಳಿದು ಬರುತ್ತಿತ್ತು. ಸ್ವಿಚ್ಚಿನ ಹಿಡಿ ಮೇಲಕ್ಕಿದ್ದರೆ ಕಂಬ ದೊಡ್ಡಳಿಯನದು, ಕೆಳಕ್ಕಿದ್ದರೆ ಚಿಕ್ಕಳಿಯನದು. ಆ ಹಿಡಿಯ ಮೇಲೆ ಇಬ್ಬರಿಗೂ ದಿನಾ ಜಗಳ. ಕೊನೆಗೆ ಮಾವ ಇಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು.

"ಒಂದೇ ಹಳಿ ಮೇಲೆ ಎರಡು ಗಾಡಿ ಬಿಡೋಕಾಗಲ್ಲ ಅಳಿಯಂದಿರೇ. ಅದ್ಯಾವುದೋ ದ್ವೀಪ ಅಂತಿದ್ರಲ್ಲ, ಹತ್ತು ದಿನ ಮಾತ್ರ ಮಾತಾಡುತ್ತೆ ಅಂತ. ಅದರ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರುತ್ತೋ ಕಂಬ ಅವರದು. ಇನ್ನೊಬ್ಬರು ಬಿಟ್ಟುಕೊಡಬೇಕು. ಆಮೇಲೆ ಮೆಟ್ಟಿಲ ಮೇಲೆ ಕಿತ್ತಾಡಿದ್ರೆ ಇಬ್ಬರ ತಂತೀನೂ ಕತ್ತರಿಸ್ತೀನಿ."

ಅಲ್ಲಿಯವರೆಗೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ದೊಡ್ಡಳಿಯನಿಗೆ, ನಾಲ್ಕೂವರೆಯಿಂದ ಆರು ಚಿಕ್ಕಳಿಯನಿಗೆ. ಸ್ವಿಚ್ಚಿನ ಹಿಡಿ ತಿರುಗಿಸುವ ಅಧಿಕಾರ ಮಾವನದು ಮಾತ್ರ. ನಿವೃತ್ತರಾದ ಮೇಲೆ ಅವರ ಕೈಗೆ ಇಂಥ ಹಿಡಿ ಸಿಕ್ಕಿರಲಿಲ್ಲ. ಅವತ್ತಿನಿಂದ ಅವರ ಊಟ, ನಿದ್ದೆ ಎಲ್ಲ ಸುಧಾರಿಸಿತು.

ಆ ದ್ವೀಪದಲ್ಲಿ ಜನವಸತಿ ಇಲ್ಲ. ಅಲ್ಲಿಗೆ ಯಾರೋ ನಾಲ್ಕು ಜನ ಹಡಗಿನಲ್ಲಿ ಹೋಗಿ, ಟೆಂಟು ಹಾಕಿ, ರೇಡಿಯೊ ಇಟ್ಟುಕೊಂಡು ಕೂತಿದ್ದರು. ಲೋಕದ ಹುಚ್ಚರೆಲ್ಲ ಒಟ್ಟಿಗೆ ಅವರನ್ನು ಕೂಗುತ್ತಿದ್ದರು, ಉತ್ತರ ಸಿಕ್ಕವರ ಹೆಸರು ಪಟ್ಟಿಗೆ ಸೇರುತ್ತಿತ್ತು. ಇಂಥ ಕಡೆ ಒಂದು ಶಿಸ್ತು ಇದೆ. ಟಿಕೆಟ್ ಕಿಟಕಿಗೆ ಸಾವಿರ ಜನ ಮುತ್ತಿದರೆ ಒಳಗಿನ ಗುಮಾಸ್ತನ ದನಿ ಯಾರಿಗೆ ಕೇಳೀತು? ಅದಕ್ಕೆ ದ್ವೀಪದವನು ತಾನು ರೇಡಿಯೊ ಮುಳ್ಳಿನ ಒಂದು ಜಾಗದಿಂದ, ಅಂದರೆ ಒಂದು ಫ್ರೀಕ್ವೆನ್ಸಿಯಿಂದ, ಮಾತಾಡುತ್ತಾನೆ, "ನೀವು ನನ್ನ ಮೇಲೆ ಬೀಳಬೇಡಿ, ಸ್ವಲ್ಪ ಮೇಲಿನ ಜಾಗದಲ್ಲಿ ಕೂಗಿ, ನಾನು ಅಲ್ಲಿ ಕೇಳಿಸ್ಕೋತೀನಿ" ಅನ್ನುತ್ತಾನೆ. ಕೂಗುವವರೆಲ್ಲ ಮೇಲಿನ ಜಾಗದಲ್ಲಿ ಉದ್ದಕ್ಕೆ ಹರಡಿಕೊಂಡು ಕೂಗಬೇಕು. ಆ ಸಂತೆಯಲ್ಲಿ ದ್ವೀಪದವನ ಕಿವಿ ಈ ಗಳಿಗೆಯಲ್ಲಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ವಿದ್ಯೆ.

ಚಿಕ್ಕಳಿಯ ಆ ವಿದ್ಯೆಯನ್ನು ಎರಡು ರಿಸೀವರ್‌ಗಳಿಂದ ಸಾಧಿಸುತ್ತಿದ್ದ. ಒಂದೇ ಹೆಡ್‌ಫೋನಿನ ಎಡಗಿವಿಯಲ್ಲಿ ದ್ವೀಪ, ಬಲಗಿವಿಯಲ್ಲಿ ಸಂತೆ. ದ್ವೀಪದವನು ಯಾರಿಗೆ ಉತ್ತರ ಕೊಟ್ಟ ಎಂದು ಎಡಗಿವಿಯಲ್ಲಿ ಕೇಳಿ, ಅವನು ಸಂತೆಯಲ್ಲಿ ಎಲ್ಲಿದ್ದಾನೆ ಎಂದು ಬಲಗಿವಿಯಲ್ಲಿ ಹುಡುಕಿ, ಅದರ ಪಕ್ಕ ಹೋಗಿ ನಿಲ್ಲುತ್ತಿದ್ದ. "ಎರಡು ಕಿವೀನೂ ಬಾಡಿಗೆಗೆ ಕೊಟ್ಟುಬಿಟ್ಟಿದಾರೆ, ಹೆಂಡತಿ ಮಾತಿಗೆ ಮೂರನೇದು ಎಲ್ಲಿಂದ ತರ್ಲಿ" ಎನ್ನುತ್ತಿದ್ದಳು ಚಿಕ್ಕ ಮಗಳು.

ದೊಡ್ಡಳಿಯ ತಂದ ಪೆಟ್ಟಿಗೆಯಲ್ಲಿದ್ದದ್ದು ರೇಡಿಯೊಗೆ ಸಿಕ್ಕಿಸುವ, ಟೀವಿಯಂಥ ಒಂದು ಪರದೆ. ಆಕಾಶದಲ್ಲಿ ಯಾವ ಜಾಗದಲ್ಲಿ ಯಾರು ಮಾತಾಡಿದರೂ ಅದರ ಮೇಲೆ ಒಂದು ಬೆಟ್ಟ ಏಳುತ್ತದೆ. ಜೋರು ದನಿಗೆ ಎತ್ತರದ ಬೆಟ್ಟ, ಕ್ಷೀಣ ದನಿಗೆ ದಿಬ್ಬ.

"ನೋಡು" ಎಂದ ದೊಡ್ಡಳಿಯ. "ನೀನು ಕತ್ತಲೆಯಲ್ಲಿ ತಡಕಾಡ್ತೀಯ. ನಾನು ಇಡೀ ಊರನ್ನ ಮಹಡಿ ಮೇಲಿಂದ ನೋಡ್ತೀನಿ. ಕಿವಿ ಅನ್ನೋದು ವಯಸ್ಸಾದವರ ಉಪಕರಣ. ನಿನ್ನ ಗಿರಾಕಿಗಳನ್ನೇ ನೋಡು."

"ಪರದೆ ಒಳ್ಳೇದೇ ಭಾವ" ಎಂದ ಚಿಕ್ಕಳಿಯ. "ಜನ ಎಲ್ಲಿದಾರೆ ಅಂತ ತೋರಿಸುತ್ತೆ. ಏನಂತಿದಾರೆ ಅಂತ ತೋರಿಸಲ್ಲ. ಅದು ಇರಲಿ, ಜೊತೆಗೆ ಸೌಂಡೂ ಇರಲಿ."

"ಸೌಂಡ್ ಆಫ್" ಎಂದು ದೊಡ್ಡಳಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. "ನಿಮ್ಮಕ್ಕನಿಗೂ ಗಲಾಟೆ ತಪ್ಪುತ್ತೆ. ದ್ವೀಪದವರು ದಿನಾ ಸಂಜೆ ಪಟ್ಟಿ ಹಾಕ್ತಾರಲ್ಲ, ನನ್ನ ಹೆಸರು ಅಲ್ಲೇ ನೋಡ್ಕೋತೀನಿ."

ಇನ್ನು ನಿಜವಾದ ಅನಾಹುತಕ್ಕೆ ಬರೋಣ. ದ್ವೀಪದ ಜಾಗದಲ್ಲಿ ಕೇಳಿ ಮೇಲಿನ ಜಾಗದಲ್ಲಿ ಮಾತಾಡಬೇಕಾದರೆ ಸೆಟ್ಟಿನಲ್ಲಿ ಒಂದು ಗುಂಡಿ ಒತ್ತಬೇಕು. ಒತ್ತದಿದ್ದರೆ ಕೇಳುವುದೂ ಮಾತಾಡುವುದೂ ಒಂದೇ ಕಡೆ. ಪರದೆಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, "ನಿನ್ನ ದನಿ ಇಲ್ಲಿಂದ ಹೋಗುತ್ತದೆ" ಎಂದು ತೋರಿಸಲು. ಇದೆಲ್ಲ ಕೈಪಿಡಿಯ ಒಂಬತ್ತನೇ ಪುಟದಲ್ಲಿತ್ತು. ದೊಡ್ಡಳಿಯ ಮೂರನೇ ಪುಟದಲ್ಲಿ ನಿಂತಿದ್ದ, ಯಾಕೆಂದರೆ ಅಲ್ಲಿ ಪರದೆಯ ಚಿತ್ರ ಚೆನ್ನಾಗಿತ್ತು. ಕೆಂಪು ಗೆರೆ ದ್ವೀಪದ ಬೆಟ್ಟದ ನೆತ್ತಿಗೇ ಚುಚ್ಚಿ ನಿಂತದ್ದನ್ನು ಕಂಡು, ಕೆಂಪು ಅಂದರೆ ಮುಖ್ಯವಾದದ್ದು, ಯಂತ್ರವೇ ದ್ವೀಪಕ್ಕೆ ಗುರುತು ಹಾಕಿಕೊಟ್ಟಿದೆ ಎಂದು ಭಾವಿಸಿದ. ಹೀಗೆ ಮೊದಲ ದಿನ ಮೂರು ಗಂಟೆ ಹೊಡೆದ ಕೂಡಲೇ, ಲೋಕವೆಲ್ಲ ಶಿಸ್ತಾಗಿ ಪಕ್ಕದಲ್ಲಿ ನಿಂತಿರುವಾಗ, ದೊಡ್ಡಳಿಯ ಒಬ್ಬನೇ ಹೋಗಿ ಟಿಕೆಟ್ ಕಿಟಕಿಯೊಳಗೆ ತಲೆ ತೂರಿಸಿ, ಲೈಸೆನ್ಸಿನಲ್ಲಿ ಕೊಟ್ಟ ತನ್ನ ಕರೆಹೆಸರನ್ನು ಅರಚಿದ.

ಅರಚಿ, ಮೈಕಿನ ಗುಂಡಿ ಬಿಟ್ಟು, ಪರದೆ ನೋಡಿದ. ಕೆಂಪು ಗೆರೆಯ ಸುತ್ತ ಒಂದು ಮಹಾ ಬೆಟ್ಟ ಎದ್ದಿತು. ಒಂದಲ್ಲ, ಹತ್ತು ಬೆಟ್ಟ ಒಂದರ ಮೇಲೊಂದು ಹತ್ತಿ ಕೂತಂತೆ. ಅವನ ಮೈ ಜುಮ್ಮೆಂದಿತು. ಇನ್ನೊಮ್ಮೆ ಅರಚಿದ. ಇನ್ನೂ ದೊಡ್ಡ ಬೆಟ್ಟ.

"ಲೇ, ಬಾರೆ ಇಲ್ಲಿ" ಎಂದು ಹೆಂಡತಿಯನ್ನು ಕರೆದ. "ನಾನು ಹೆಸರು ಹೇಳ್ತೀನಿ, ನೋಡು. ಇಡೀ ಪ್ರಪಂಚ ಎದ್ದು ನಿಲ್ಲುತ್ತೆ."

ಅವಳು ನೋಡಿದಳು. ಎದ್ದು ನಿಂತದ್ದು ನಿಜ. "ಯಾಕಂತೆ?" ಎಂದಳು.

"ಯಾಕಂತೆ ಅಂದ್ರೆ? ಪಟ್ಟಿಗೆ ಇವತ್ತಲ್ಲ ನಾಳೆ ಸೇರಿಸ್ತಾರೆ, ಗುರುತು ಹಿಡಿದಿದಾರೆ."

ಗುರುತು ಹಿಡಿದದ್ದು ಖಂಡಿತ. ಇಪ್ಪತ್ತು ದೇಶದವರು ತಮ್ಮ ತಮ್ಮ ಭಾಷೆಯಲ್ಲಿ ಅವನನ್ನು, ಅವನ ಸೆಟ್ಟನ್ನು, ಅವನಿಗೆ ಲೈಸೆನ್ಸ್ ಕೊಟ್ಟವರನ್ನು ಬೈಯುತ್ತಿದ್ದರು. ಬೈಗುಳಕ್ಕೂ ಬಹುಪರಾಕಿಗೂ ಪರದೆಯ ಮೇಲೆ ಎತ್ತರ ಒಂದೇ.

ಎರಡನೇ ದಿನಕ್ಕೆ ಪ್ರೇಕ್ಷಕರು ಸೇರಿದರು. ಎದುರು ಸಾಲಿನ ಟೈಲರ್ ಬಂದದ್ದು ತನ್ನ ಕನ್ನಡಕ ಕೇಳಲು. ಮೂರು ವಾರದ ಹಿಂದೆ ರಿಪೇರಿಗೆ ಕೊಟ್ಟದ್ದು, ಅಂಗಡಿಗೆ ಮಧ್ಯಾಹ್ನವೆಲ್ಲ ಬೀಗ. "ಕನ್ನಡಕ ಆಮೇಲೆ, ಮೊದಲು ಇದನ್ನು ನೋಡಿ" ಎಂದು ದೊಡ್ಡಳಿಯ ಅವನನ್ನು ಪರದೆಯ ಮುಂದೆ ಕೂರಿಸಿದ. ಟೈಲರಿಗೆ ಕಂಡದ್ದು ಒಂದು ಹೊಳೆಯುವ ಮಸಕು. ಅದನ್ನು ಒಪ್ಪಿಕೊಳ್ಳುವಷ್ಟು ಸಣ್ಣ ಮನುಷ್ಯನಲ್ಲ ಅವನು.

"ಕನ್ನಡಕ ಇಲ್ಲದೇನೇ ಇಷ್ಟು ಸ್ಪಷ್ಟ ಕಾಣುತ್ತೆ ಅಂದ್ರೆ" ಎಂದ, "ವಸ್ತು ಅಂದ್ರೆ ಇದಪ್ಪ."

ಟೈಲರ್ ಹಿಂದೆಯೇ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದರು. ಮೂವತ್ತು ವರ್ಷ ಮಕ್ಕಳಿಂದ ಬೆಟ್ಟ, ಸೂರ್ಯ, ಎರಡು ಹಕ್ಕಿ ಬರೆಸಿದವರು. "ಇಳಿಜಾರು ಬಹಳ ಸಹಜವಾಗಿ ಬಂದಿದೆ" ಎಂದು ತಲೆದೂಗಿದರು. "ಇದು ಕೈಯಲ್ಲಿ ಬರೋದಲ್ಲ. ಒಳಗಿಂದ ಬರಬೇಕು."

ದೊಡ್ಡಳಿಯ ಅರಚುವನು, ಬೆಟ್ಟ ಏಳುವುದು, ಇವರಿಬ್ಬರೂ ಚಪ್ಪಾಳೆ ತಟ್ಟುವರು. ಹೀಗೆ ಒಂದೂವರೆ ಗಂಟೆ. ಮೈಕು ಹಿಡಿದವನಿಗೆ ಮೂರೂ ಬಿಟ್ಟಿತ್ತು, ನೋಡುವವರಿಗಾದರೂ ಬೇಡವೇ ಎಂದು ನೀವು ಕೇಳಬಹುದು. ಬಿಟ್ಟಿ ಟೀ ಸಿಗುವ ಕಡೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ.

ಇತ್ತ ನಡುವಿನ ಅಂತಸ್ತಿನಲ್ಲಿ ಚಿಕ್ಕಳಿಯನಿಗೆ ಬೇರೆಯೇ ಚಿಂತೆ. ಮಾವ ಸರಿಯಾಗಿ ನಾಲ್ಕೂವರೆಗೆ ಹಿಡಿ ಕೆಳಕ್ಕೆ ತಳ್ಳುತ್ತಿದ್ದರು. ಆದರೆ ಎರಡು ದಿನವೂ ಅವನ ಸರದಿ ಬಂದ ಹತ್ತೇ ನಿಮಿಷಕ್ಕೆ ದ್ವೀಪದವನು, "ತಲೆ ನೋಯ್ತಿದೆ, ಇವತ್ತಿಗೆ ಸಾಕು" ಎಂದು ಅಂಗಡಿ ಮುಚ್ಚುತ್ತಿದ್ದ. ಮೂರನೇ ದಿನ ಚಿಕ್ಕಳಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ತಂತಿಯನ್ನೇ ಒಂದು ರಿಸೀವರಿಗೆ ಸಿಕ್ಕಿಸಿ ಮೂರು ಗಂಟೆಗೇ ಕೇಳಲು ಕೂತ. ಎಡಗಿವಿಯಲ್ಲಿ ದ್ವೀಪದವನು ಬಾಯಿ ತೆರೆದ. ಅವನ ಬಾಯಿಯ ಮೇಲೆ ಧೊಪ್ಪನೆ ಒಂದು ದನಿ ಬಿತ್ತು. ಅದು ಎಡಗಿವಿಯಲ್ಲೂ ಕೇಳಿಸಿತು, ಮೇಲಿನ ಮಹಡಿಯಿಂದ ಬರಿಗಿವಿಗೂ ಕೇಳಿಸಿತು.

ಅವನು ಹೆಡ್‌ಫೋನ್ ಕಿತ್ತೆಸೆದು ಮೆಟ್ಟಿಲು ಹತ್ತಿದ.

"ಭಾವ, ನೀವು ದ್ವೀಪದ ತಲೆ ಮೇಲೇ ಮಾತಾಡ್ತಿದೀರಿ. ಎಲ್ಲರೂ ಬೈತಿದಾರೆ. ಒಂದು ನಿಮಿಷ ಸೌಂಡ್ ಹಾಕಿ, ನಿಮಗೇ ಗೊತ್ತಾಗುತ್ತೆ."

ದೊಡ್ಡಳಿಯ ಟೈಲರ್ ಕಡೆ ತಿರುಗಿ ನಕ್ಕ. "ನೋಡಿದ್ರಾ? ನಾನು ಹೇಳಿರಲಿಲ್ವ, ಮೂರನೇ ದಿನಕ್ಕೆ ಹೊಟ್ಟೆಯುರಿ ಮೆಟ್ಟಿಲು ಹತ್ತುತ್ತೆ ಅಂತ?"

"ಹೊಟ್ಟೆಯುರಿ ಅಲ್ಲ ಭಾವ. ಕೆಂಪು ಗೆರೆ ನೋಡಿ. ಅದು ನೀವು."

"ಕೆಂಪು ಗೆರೆ ದ್ವೀಪ ಕಣಯ್ಯ."

"ದ್ವೀಪ ಬೆಟ್ಟ. ಗೆರೆ ನೀವು."

"ನನ್ನ ಪರದೆಗೆ ನಿನ್ನಿಂದ ಅರ್ಥ ಕಲೀಬೇಕಾ? ನಿಮ್ಮಂಗಡೀಲಿ ಕನ್ನಡಕ ಮಾರು ಅಂತ ನಾನು ಹೇಳ್ತೀನಾ?"

ಟೈಲರ್ ಕಣ್ಣು ಕಿರಿದು ಮಾಡಿ ಪರದೆ ನೋಡಿ, "ಗೆರೆ ದ್ವೀಪಾನೇ" ಎಂದು ತೀರ್ಪಿತ್ತ. ಅವನಿಗೆ ಗೆರೆಯೂ ಕಂಡಿರಲಿಲ್ಲ, ದ್ವೀಪವೂ ಕಂಡಿರಲಿಲ್ಲ. ಎರಡೂ ಕಾಣದವನಿಗೆ ಎರಡೂ ಒಂದೇ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಚಿಕ್ಕಳಿಯ ಮೆಟ್ಟಿಲಿಳಿದು ಮಾವನಿಗೆ ದೂರು ಕೊಟ್ಟ. ಮಾವ ಗಡಿಯಾರ ನೋಡಿಕೊಂಡು, "ಅವರ ಟೈಮಲ್ಲಿ ಅವರು ಏನು ಬೇಕಾದ್ರೂ ಮಾಡ್ಕೊಳ್ಳಲಿ. ನಿಮ್ಮ ಗಾಡಿ ನಾಲ್ಕೂವರೆಗೆ" ಎಂದರು.

ಐದನೇ ದಿನ ಬೆಳಿಗ್ಗೆ ದೊಡ್ಡಳಿಯನಿಗೆ ಫೋನು ಬಂತು. ರೇಡಿಯೊ ಲೈಸೆನ್ಸ್ ಕೊಡುವ ನಿಸ್ತಂತು ಇಲಾಖೆಯ ಅಧಿಕಾರಿ. ಹೆಂಗಸಿನ ದನಿ, ಬಹಳ ಮೆತ್ತಗಿತ್ತು.

"ನಿಮ್ಮ ಬಗ್ಗೆ ಹದಿನೇಳು ದೇಶದಿಂದ ಪತ್ರ ಬಂದಿದೆ. ನೀವು ಮಾತಾಡೋದನ್ನ ಖುದ್ದಾಗಿ ನೋಡಬೇಕು ಅಂತಿದೀನಿ. ನಾಳೆ ಮೂರು ಗಂಟೆಗೆ ಇರ್ತೀರಾ?"

"ಇರ್ತೀನಿ ಮೇಡಮ್" ಎಂದ ದೊಡ್ಡಳಿಯ. ಫೋನಿಟ್ಟವನೇ ಮೂರೂ ಅಂತಸ್ತಿಗೆ ಸಾರಿದ. ಹದಿನೇಳು ದೇಶ. ಸಂಜೆಯೊಳಗೆ ಬೀದಿಯಲ್ಲಿ ಅದು ಮೂವತ್ತಾಯಿತು. ಡ್ರಾಯಿಂಗ್ ಮೇಷ್ಟ್ರು ಒಂದು ರಟ್ಟಿನ ಮೇಲೆ ಬೆಟ್ಟ ಬರೆದು, ಕೆಳಗೆ 'ಸುಸ್ವಾಗತ' ಎಂದು ನೆರಳು ಕೊಟ್ಟ ಅಕ್ಷರದಲ್ಲಿ ಬರೆದರು. ಟೈಲರ್ ತನಗೇ ಒಂದು ಹೊಸ ಅಂಗಿ ಹೊಲಿದುಕೊಂಡ. ಕನ್ನಡಕವಿಲ್ಲದ ಹೊಲಿಗೆ, ಒಂದು ತೋಳು ಮಣಿಕಟ್ಟಿಗೆ, ಇನ್ನೊಂದು ಮೊಣಕೈಗೆ.

ದೊಡ್ಡ ಮಗಳಿಗೆ ಮಾತ್ರ ಏನೋ ಕಸಿವಿಸಿ. "ರೀ, ಹೊಗಳೋರು ಹದಿನೇಳು ದೇಶದಿಂದ ಪತ್ರ ಬರೀತಾರಾ? ನಮ್ಮ ಮನೇಲಿ ಊಟ ಚೆನ್ನಾಗಿತ್ತು ಅಂತ ಇವತ್ತಿನವರೆಗೂ ಒಬ್ರೂ ಬರೆದಿಲ್ಲ. ಒಂದು ಸಲ ಸೌಂಡ್ ಹಾಕಿ ನೋಡಬಾರದಾ?"

"ನಿಂಗೆ ತಂಗಿ ಕಡೆಯಿಂದ ಗಾಳಿ ಬೀಸಿದೆ" ಎಂದ ಗಂಡ.

ಮರುದಿನ ಮೂರಕ್ಕೆ ಐದು ನಿಮಿಷವಿದ್ದಾಗ ಅಧಿಕಾರಿ ಬಂದರು. ತೆಳ್ಳಗಿನ ಹೆಂಗಸು, ದಪ್ಪಗಿನ ಫೈಲು. ಕುಶನ್ ಹಾಕಿದ ಕುರ್ಚಿ ತೋರಿಸಿದರೆ ಅದರ ಮೇಲೆ ಫೈಲಿಟ್ಟು ತಾವು ನಿಂತೇ ಇದ್ದರು. ಕೋಣೆಯಲ್ಲಿ ಮಾವ, ಅಕ್ಕತಂಗಿಯರು, ಟೈಲರ್, ಮೇಷ್ಟ್ರು, ಬಾಗಿಲ ಬಳಿ ಕೈಕಟ್ಟಿಕೊಂಡ ಚಿಕ್ಕಳಿಯ. ಮಾವ ಸ್ವಿಚ್ಚಿನ ಹಿಡಿ ಮೇಲಕ್ಕೆ ತಿರುಗಿಸಿಯೇ ಬಂದಿದ್ದರು.

"ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎಂದರು ಅಧಿಕಾರಿ.

ದೊಡ್ಡಳಿಯ ಹಾಗೇ ಮಾಡಿದ. ಬೆಟ್ಟ ಎದ್ದಿತು. ಟೈಲರ್ ಚಪ್ಪಾಳೆ ತಟ್ಟಿದ.

"ಇದೇನಿದು?" ಎಂದರು ಅಧಿಕಾರಿ, ಬೆಟ್ಟ ತೋರಿಸಿ.

"ಪ್ರತಿಕ್ರಿಯೆ ಮೇಡಮ್. ನಾನು ಮಾತಾಡಿದ ಕೂಡ್ಲೆ ಬರುತ್ತೆ. ಒಂದು ದಿನಾನೂ ತಪ್ಪಿಲ್ಲ."

"ಏನಂತ ಪ್ರತಿಕ್ರಿಯೆ?"

"ಅದನ್ನ ಎತ್ತರದಿಂದಲೇ ತಿಳ್ಕೋಬೇಕು."

ಅಧಿಕಾರಿ ಫೈಲಿನಿಂದ ಒಂದು ಹಾಳೆ ತೆಗೆದರು. "ಎತ್ತರದಿಂದ ತಿಳಿಯದವರಿಗಾಗಿ ಬರೆದೂ ಕಳಿಸಿದಾರೆ. ಇದು ಮೊದಲನೇದು. 'ದಯವಿಟ್ಟು ಈ ಮನುಷ್ಯನಿಗೆ ಯಾರಾದರೂ ಎರಡು ಕಿವಿ ಕೊಡಿಸಿ, ಖರ್ಚು ನಾನು ಕೊಡ್ತೀನಿ.' ಎರಡನೇದು ಹೆಂಗಸರ ಮುಂದೆ ಓದೋ ಹಾಗಿಲ್ಲ. ಸೌಂಡ್ ಗುಂಡಿ ಯಾವುದು?"

ದೊಡ್ಡ ಮಗಳು ಮುಂದೆ ಬಂದು ಗುಂಡಿ ತಿರುಗಿಸಿದಳು. ಗಂಡ ಸೊನ್ನೆಗೆ ತಿರುಗಿಸಿದ್ದನ್ನು ಕಣ್ಣಾರೆ ನೋಡಿದ್ದಳು, ಜಾಗ ಗೊತ್ತಿತ್ತು.

ಕೋಣೆಯೊಳಗೆ ಲೋಕ ನುಗ್ಗಿತು. "ಅಪ್, ಅಪ್, ಅಪ್", ಮೇಲಿನ ಜಾಗಕ್ಕೆ ಹೋಗು, ಎಂದು ಒಂದು ಹಿಂಡು. ಅದರ ಹಿಂದೆ ಮೂಗಿನಲ್ಲಿ ಬೈಯುವವರು, ಗಂಟಲಲ್ಲಿ ಬೈಯುವವರು, ಹಾಡಿನಂತೆ ಬೈಯುವವರು. ಭಾಷೆ ತಿಳಿಯದಿದ್ದರೂ ಅರ್ಥವಾಗದೆ ಉಳಿದವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬ ಶಿಳ್ಳೆ ಹಾಕುತ್ತಿದ್ದ. ಒಬ್ಬ ಕತ್ತೆಯಂತೆ ಕೂಗುತ್ತಿದ್ದ, ಬಹಳ ಚೆನ್ನಾಗಿ ಕೂಗುತ್ತಿದ್ದ. ಡ್ರಾಯಿಂಗ್ ಮೇಷ್ಟ್ರು ತಮ್ಮ ಸುಸ್ವಾಗತದ ರಟ್ಟನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದರು.

"ಇವ್ರಿಗೆ ನಾನು ಐದು ದಿನದಿಂದ ಟೀ ಮಾಡಿ ಹಾಕಿದೀನಿ" ಎಂದಳು ದೊಡ್ಡ ಮಗಳು, ಟೈಲರ್‌ನನ್ನೂ ಮೇಷ್ಟ್ರನ್ನೂ ನೋಡುತ್ತ.

ಅಷ್ಟರಲ್ಲಿ ಎಲ್ಲ ದನಿಗಳೂ ತಗ್ಗಿದವು. ಒಂದು ದನಿ ಮಾತ್ರ ಉಳಿಯಿತು. ಆರು ದಿನ ನಿದ್ದೆಗೆಟ್ಟವನ ದನಿ. ದ್ವೀಪದವನು. ಅವನು ದೊಡ್ಡಳಿಯನ ಕರೆಹೆಸರನ್ನು ಅಕ್ಷರ ಬಿಡಿಸಿ ಹೇಳಿದ. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಇಂಗ್ಲಿಷಿನಲ್ಲೇ ಗಾಡಿ ಬಿಟ್ಟ ಮಾವ ಅದನ್ನು ಎಲ್ಲರಿಗೂ ತಿಳಿಯಹೇಳಿದರು.

"'ನಿಮ್ಮ ಹೆಸರು ಪಟ್ಟಿಗೆ ಸೇರಿಸಿದೀನಿ. ಕೇಳಿಸಿತು, ಚೆನ್ನಾಗಿ ಕೇಳಿಸಿತು, ಬೇಕಾದ್ದಕ್ಕಿಂತ ಹೆಚ್ಚು ಕೇಳಿಸಿತು. ಈಗ ಕೈ ಮುಗಿದು ಕೇಳ್ಕೋತೀನಿ, ಎದ್ದು ಹೋಗಿ.'"

ದೊಡ್ಡಳಿಯನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು, ಆಮೇಲೆ, ನಂಬಿದರೆ ನಂಬಿ, ಅರಳಿತು.

"ಪಟ್ಟಿಗೆ ಸೇರ್ತಲ್ಲ" ಎಂದ. "ಮಾವ, ಪಟ್ಟಿಗೆ ಸೇರ್ತು. ಕಂಬ ನಂದು."

ನಾಚಿಕೆಗೆ ಅವನ ಮನೆಯ ವಿಳಾಸ ಗೊತ್ತಿರಲಿಲ್ಲ ಎನ್ನುವುದು ಸುಳ್ಳು. ಅದು ಬಂದಿತ್ತು, ಬಾಗಿಲು ತಟ್ಟಿತ್ತು. ಇವನಿಗೆ ಕೇಳಿಸಲಿಲ್ಲ ಅಷ್ಟೆ.

ಚಿಕ್ಕಳಿಯ ಬಾಗಿಲಿನಿಂದ ಮುಂದೆ ಬಂದ. "ಮಾವ, ಇದ್ಯಾವ ನ್ಯಾಯ? ಪೀಡೆ ತೊಲಗಲಿ ಅಂತ ಸೇರಿಸಿದ್ದು."

ಮಾವ ಗಡಿಯಾರ ಜೇಬಿಗೆ ಹಾಕಿಕೊಂಡರು. "ಔಟರ್ ಸಿಗ್ನಲ್ಲಲ್ಲಿ ನಿಂತು ಗಂಟೆಗಟ್ಟಲೆ ಸೀಟಿ ಊದೋ ಇಂಜಿನ್ನನ್ನ ನಾನೂ ಎಷ್ಟೋ ಸಲ ಪ್ಲಾಟ್‌ಫಾರ್ಮಿಗೆ ಬಿಟ್ಕೊಂಡಿದೀನಿ, ಸೀಟಿ ನಿಲ್ಲಲಿ ಅಂತ. ಆದ್ರೂ ಬಂದದ್ದು ಬಂದದ್ದೇ. ಕೊಟ್ಟ ಮಾತು ಕೊಟ್ಟ ಮಾತು. ಕಂಬ ದೊಡ್ಡಳಿಯಂದು."

"ಕಂಬ ಇಟ್ಕೊಳ್ಳಿ" ಎಂದರು ಅಧಿಕಾರಿ, ಬರೆಯುತ್ತ. "ಆರು ತಿಂಗಳು ಮಾತಾಡೋ ಹಾಗಿಲ್ಲ. ಮೈಕ್ ನಾನು ತಗೊಂಡು ಹೋಗ್ತೀನಿ. ಕೇಳಬಹುದು."

"ನೋಡಬಹುದಾ?" ಎಂದ ದೊಡ್ಡಳಿಯ.

ಅಧಿಕಾರಿ ಮೈಕಿನ ವೈರು ಕಿತ್ತು ಸುತ್ತಿಕೊಂಡರು. "ನೋಡಿ" ಎಂದರು.

ಮರುದಿನ ಮಧ್ಯಾಹ್ನ ದೊಡ್ಡಳಿಯ ಗೆದ್ದವನ ಗತ್ತಿನಲ್ಲಿ ಪರದೆಯ ಮುಂದೆ ಕೂತ. ಸೌಂಡ್ ಮತ್ತೆ ಸೊನ್ನೆಗೆ ಹೋಗಿತ್ತು. ಅವನಿಗೆ ಅದರ ಬಗ್ಗೆ ಈಗ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಮೂರೂಕಾಲಿಗೆ ದೊಡ್ಡ ಮಗಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲಿಳಿದಳು. ನಡುವೆ ನಿಂತಳು. ಗೋಡೆಯ ಹಿಡಿಯನ್ನು ಕಿರುಬೆರಳಲ್ಲಿ ಕೆಳಕ್ಕೆ ಜಾರಿಸಿದಳು. ತಿರುಗಿದರೆ ಕೆಳಗಿನ ಮೆಟ್ಟಿಲಲ್ಲಿ ಅಪ್ಪ.

"ಅಪ್ಪ, ನಾನು..."

"ನಾನು ತೀರ್ಪು ಕೊಟ್ಟದ್ದು ಕಂಬದ ಬಗ್ಗೆ" ಎಂದರು ಅಪ್ಪ. "ಸ್ವಿಚ್ ಬಗ್ಗೆ ಏನೂ ಹೇಳಿಲ್ಲ. ಬೇಗ ನಡಿ, ಬಟ್ಟೆ ನೀರು ಸೋರ್ತಿದೆ."

ಇಪ್ಪತ್ತು ನಿಮಿಷಕ್ಕೆ ನಡುವಿನ ಅಂತಸ್ತಿನಿಂದ ಚಿಕ್ಕಳಿಯನ ದನಿ ಕೇಳಿಸಿತು, ಒಂದೇ ಒಂದು ಸಲ, ತಗ್ಗಿದ ದನಿ. ಆಮೇಲೆ, ದ್ವೀಪ ಹೆಸರು ಬರೆದುಕೊಂಡದ್ದಕ್ಕೆ, ಒಂದು ನಗು. ಆಮೇಲೆ ಅವನು ಹೆಡ್‌ಫೋನ್ ತೆಗೆದಿಟ್ಟು ಹೆಂಡತಿಯನ್ನು, "ಏನೋ ಹೇಳ್ತಿದ್ಯಲ್ಲ ಬೆಳಿಗ್ಗೆಯಿಂದ, ಏನದು?" ಎಂದು ಕೇಳಿದ. ಅವಳಿಗೆ ಮರೆತೇ ಹೋಗಿತ್ತು.

ಮೇಲಿನ ಪರದೆ ಮಾತ್ರ ಬೋಳು ಬಯಲಾಗಿತ್ತು. ದೊಡ್ಡಳಿಯ ಅದನ್ನು ಎರಡು ಗಂಟೆ ನೋಡಿದ. "ಇವತ್ತು ಆಕಾಶ ಬಿಡುವಾಗಿದೆ" ಎಂದು ಟೈಲರಿಗೆ ಹೇಳಿದ. ಟೈಲರ್ ಬಂದದ್ದು ಕನ್ನಡಕಕ್ಕೆ.

ಐದೂವರೆಗೆ ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ಹಾಕಿದಳು. ಗೋಡೆಯಾಚೆಯ ಆ ಮೋಟರಿನ ವಿದ್ಯುತ್ತಿನ ಗರಗರ ವೈರಿನೊಳಗೆ ನುಸುಳಿ ಬಂದು, ಪರದೆ ಈ ತುದಿಯಿಂದ ಆ ತುದಿಯವರೆಗೆ ಚಿನ್ನದ ಬಣ್ಣಕ್ಕೆ ಎದ್ದು ನಿಂತಿತು. ಅವಳು ನಿಲ್ಲಿಸಿದಳು, ಅದೂ ಮಲಗಿತು. ಮತ್ತೆ ಹಾಕಿದಳು, ಮತ್ತೆ ಎದ್ದಿತು.

ದೊಡ್ಡಳಿಯ ಪುಸ್ತಕ ಎಳೆದುಕೊಂಡು ಬರೆದ: 'ಸಂಜೆ ಐದೂವರೆ. ಹೊಸ ದ್ವೀಪ. ಎಲ್ಲ ಜಾಗದಲ್ಲೂ ಒಟ್ಟಿಗೆ ಮಾತಾಡುತ್ತದೆ. ಬಹಳ ಹತ್ತಿರ.'

"ರೀ, ಉಪ್ಪು ಸರಿಯಾಗಿದೆಯಾ ನೋಡಿ ಬನ್ನಿ" ಎಂದು ಒಳಗಿನಿಂದ ಹೆಂಡತಿ ಎರಡು ಸಲ ಕರೆದಳು.

"ಇದು ಮೊದಲಿನದಕ್ಕಿಂತ ದೊಡ್ಡದು" ಎಂದ ಟೈಲರ್, ಮಸಕನ್ನೇ ದಿಟ್ಟಿಸುತ್ತ.